ಗೋಡೆ ಮಾವನ ಮನೆಯಲ್ಲೊಂದು ಮುಷ್ಕರ

ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೂ ಅವರ ಮಾತು ಬಂದರೆ ಸಾಕು, ಅಳಿಯನ ಕೈ ತಂತಾನೇ ಪ್ಯಾಂಟಿನ ಹಿಂಭಾಗ ತಡವುತ್ತದೆ. ಹೆಣ್ಣು ಕೇಳಲು ಹೋದ ದಿನ, ನಡುಮನೆಯ ಬೆಂಚಿನ ಮೇಲೆ ಬಣ್ಣ ಒಣಗಲು ಇಟ್ಟಿದ್ದ ಸಂಘದ ಬೋರ್ಡನ್ನು ನೋಡದೆ ಅವನು ಅದರ ಮೇಲೆಯೇ ಕೂತುಬಿಟ್ಟಿದ್ದ. ಎದ್ದಾಗ ಬಿಳಿ ಪ್ಯಾಂಟಿನ ಮೇಲೆ ‘ಕಾರ್ಮಿಕರ ಒಗ್ಗಟ್ಟು ಚಿರಾಯುವಾಗಲಿ’ ಎಂದು ಕೆಂಪಗೆ, ತಿರುಗುಮುರುಗಾಗಿ ಅಚ್ಚಾಗಿತ್ತು. ಅವನೋ ಬಾಟಲಿ ಕಾರ್ಖಾನೆಯ ಆಡಳಿತ ಕಚೇರಿಯ ಟೈಪಿಸ್ಟು.

“ನಾಳೆ ಇದನ್ನೇ ಹಾಕ್ಕೊಂಡು ಆಫೀಸಿಗೆ ಹೋಗು, ನೋಡೋಣ,” ಎಂದರು ಮಾವ, ನಗದೆ.

ಮಾವ ಅದೇ ಕಾರ್ಖಾನೆಯ ಕುಲುಮೆ ಕೆಲಸಗಾರ, ಸಂಘದ ಕಾರ್ಯದರ್ಶಿ. ಎಲ್ಲರ ಬಾಯಲ್ಲೂ ‘ಗೋಡೆ’. ಕಾರ್ಖಾನೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದರಿಂದ ಬಂದ ಹೆಸರು. ಬಲಗೈಯಲ್ಲಿ ಮೂರೇ ಬೆರಳು. ಎದುರಾಳಿಗಳು ಚೆಂಡನ್ನು ಆ ಕಡೆಗೇ ಒದೆಯುತ್ತಿದ್ದರು. ಅದು ಗೊತ್ತಿದ್ದರಿಂದ ಇವರು ಆ ಕಡೆಗೇ ಹಾರುತ್ತಿದ್ದರು. ಒಮ್ಮೆ ಮಾತ್ರ, ರೆಫರಿಗೆ ಚಹಾ ಕೊಟ್ಟಿಲ್ಲವೆಂದು ಪಂದ್ಯದ ನಡುವೆಯೇ ಗೋಲುಕಂಬ ಬಿಟ್ಟು ಬಂದು ಧರಣಿ ಕೂತರು. ಆಗ ಬಿದ್ದ ಗೋಲುಗಳೆಲ್ಲ ಮುಷ್ಕರದ ಅವಧಿಯವು, ಲೆಕ್ಕಕ್ಕಿಲ್ಲ ಎಂದು ಸಾಯುವವರೆಗೂ ವಾದಿಸಿದರು.

ಬೆರಳು ಹೋದದ್ದು ಅದಕ್ಕೂ ಮೊದಲು, ಸಿಪಾಯಿಯಾಗಿದ್ದಾಗ, ಯುದ್ಧದಲ್ಲಿ. ಕಂದಕದಲ್ಲಿ ಹವಾಲ್ದಾರ ಏನೋ ಆಜ್ಞೆ ಕೊಟ್ಟನಂತೆ. ಇವರು ಬಿಡಬೇಕಲ್ಲ! “ಆಜ್ಞೆ ಯಾಕೆ, ಮತಕ್ಕೆ ಹಾಕೋಣ. ಪರವಾಗಿರೋರು ಕೈಯೆತ್ತಿ,” ಎಂದು ತಾವೇ ಮೊದಲು ಎತ್ತಿದರು. “ಎದುರು ಪಕ್ಷದವರು ತಕ್ಷಣ ಆಕ್ಷೇಪಣೆ ಸಲ್ಲಿಸಿದ್ರು,” ಎನ್ನುತ್ತಿದ್ದರು ಕೈ ತೋರಿಸಿ.

ಅಂಥವರ ಮಗಳನ್ನು ಕೇಳಲು ಬಂದಿದ್ದ ಈ ಕಡ್ಡಿ ಪೈಲ್ವಾನ.

“ಆಗಲ್ಲ,” ಎಂದರು ಮಾವ. “ನೀನು ಗೇಟಿನ ಆ ಕಡೆಯವನು. ನಮ್ಮೋರ ಸಸ್ಪೆನ್ಷನ್ ಆರ್ಡರ್ ಟೈಪ್ ಮಾಡೋನು.”

“ಸಾಹೇಬರು ಹೇಳಿದ್ದನ್ನ ಕುಟ್ಟೋದಷ್ಟೇ ಸಾರ್ ನನ್ನ ಕೆಲಸ.”

“ಅದ್ರಲ್ಲೂ ಸಾಲಿಗೊಂದು ತಪ್ಪು.”

ಅಳಿಯ ಮತ್ತೆ ಬೆಂಚಿನ ತುದಿಗೆ ಕೂತ. ಈ ಹುಡುಗಿ ಇಲ್ಲದಿದ್ದರೆ ಬದುಕೇ ಬೇಡ ಎಂದುಕೊಂಡು ಬಂದವನು; ಎದ್ದು ಹೋಗೋಣವೆಂದರೂ ಪ್ಯಾಂಟಿನ ಹಿಂಭಾಗ ಬೀದಿಗೆಲ್ಲ ಕಾಣುತ್ತದೆ.

ಆಗ ಒಳಗಿಂದ ಅತ್ತೆ ಸ್ಟೂಲು ಎಳೆದು ತಂದು ಅಡುಗೆಮನೆ ಬಾಗಿಲಿಗೆ ಅಡ್ಡ ಹಾಕಿ ಕೂತರು. ಮಗಳು ಅಪ್ಪನದೇ ಬಣ್ಣದ ಡಬ್ಬಿ, ಕುಂಚ ತಂದು ಹಳೇ ರಟ್ಟಿನ ಮೇಲೆ ‘ಮುಷ್ಕರ’ ಎಂದು ಬರೆದು ಅಮ್ಮನ ಪಕ್ಕ ಕೂತಳು.

“ಏನಿದು? ಬಣ್ಣ ಸಂಘದ ಆಸ್ತಿ!”

“ನಾವೂ ಸಂಘಾನೇ, ಅಪ್ಪ.”

“ಮಾತುಕತೆ ಮುಗಿಯೋವರೆಗೂ ಒಲೆ ಹಚ್ಚಲ್ಲ,” ಎಂದರು ಅತ್ತೆ.

ಮಾವ ಕ್ಯಾರೇ ಅನ್ನಲಿಲ್ಲ. ಆದರೆ ಕುಲುಮೆಯ ಮುಂದೆ ಪಾಳಿ ಮುಗಿಸಿ ಬಂದ ಗಂಟಲು, ನೀರಿನ ಕೊಡ ಇರುವುದು ಒಳಗೆ. ಎದ್ದು ಬಾಗಿಲವರೆಗೆ ಹೋದರು. ಹೊಸ್ತಿಲ ಹತ್ತಿರ ಕಾಲು ನಿಂತುಬಿಟ್ಟಿತು.

“ಹೋಗ್ರೀ ಒಳಗೆ, ನಿಮ್ಮದೇ ಮನೆ,” ಅತ್ತೆ ಸೆರಗು ಸರಿಸಿ ದಾರಿ ಬಿಟ್ಟರು. “ಯಾರು ತಡೀತಾರೆ?”

ಮುಷ್ಕರಕ್ಕೆ ಕೂತವರ ಸಾಲು ದಾಟಿ ಕೆಲಸಕ್ಕೆ ಹೋದ ಸ್ವಂತ ತಮ್ಮನ ಮದುವೆಗೂ ಹೋಗದ ಮನುಷ್ಯ. ಎತ್ತಿದ ಕಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೊಕ್ಕರೆಯ ಹಾಗೆ ನಿಂತರು. ಗಂಟಲು ಒಣಗುತ್ತಿತ್ತು, ಕಾಲು ಮಾತ್ರ ಮುಂದೆ ಹೋಗಲೊಲ್ಲದು. ಕೊನೆಗೆ ಅದನ್ನು ಹಿಂದಕ್ಕೇ ಇಟ್ಟರು.

“ಹೀಗಾ ಧರಣಿ ಕೂರೋದು?” ಎಂದು ರೇಗಿದರು. “ಸ್ಟೂಲ್ ಮೇಲೆ ಯಾರಾದ್ರೂ ಕೂರ್ತಾರಾ? ಇಳಿ ಕೆಳಗೆ. ಬೋರ್ಡ್ ಎತ್ತಿ ಹಿಡಿ, ಮಗಳೇ. ಒಂದು ಘೋಷಣೆ ಇಲ್ಲ, ಏನಿಲ್ಲ, ಯಾರೋ ಸತ್ತ ಮನೆ ಥರ!”

ಹೇಳುತ್ತಲೇ ಹೆಂಡತಿಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಭ್ಯಾಸಬಲ. ಮೂರು ಬೆರಳಿನ ಕೈ ಮೇಲೆದ್ದಿತು. “ಅಪ್ಪನ ದಬ್ಬಾಳಿಕೆಗೆ—”

“ಧಿಕ್ಕಾರ!” ಎಂದರು ತಾಯಿ ಮಗಳು.

“ಹೊಟ್ಟೆಗೆ ತಿಂದಿಲ್ವಾ? ಜೋರಾಗಿ!”

“ಧಿಕ್ಕಾರ!”

ಅಳಿಯನಿಗೆ ಯಾವ ಕಡೆ ಸೇರಬೇಕೋ ತಿಳಿಯಲಿಲ್ಲ. ಆಡಳಿತದ ಕಡೆ, ಅಂದರೆ ಅಪ್ಪನ ಕಡೆ, ಯಾರೂ ಉಳಿದಿರಲಿಲ್ಲ. ಅವನೂ ಮೆಲ್ಲಗೆ ಬಂದು ಸಾಲಿನ ಕೊನೆಯಲ್ಲಿ ಕೂತು, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು ಕೇಳಿದ:

“ಹಾಗಾದ್ರೆ... ಒಪ್ಪಿಗೆ ಅಂತ ತಿಳ್ಕೊಳ್ಳಲಾ, ಮಾವ?”

ಮಾವ ಅವನತ್ತ ತಿರುಗಿಯೂ ನೋಡಲಿಲ್ಲ.

“ಆಡಳಿತ ಮಂಡಳಿ ಆಗಲೇ ಒಪ್ಪಿದೆ. ಸಂಘ ಇನ್ನೂ ಯೋಚನೆ ಮಾಡ್ತಿದೆ.”