ನಲವತ್ತೊಂದನೆಯ ಕಾರ್ಡಿನ ಬೀಗರು

ನಾನು ರಾಯಪ್ಪ. ಇಚಲಕರಂಜಿಯಲ್ಲಿ ಜಾಬರ್ ಆಗಿದ್ದೆ. ಜಾಬರ್ ಎಂದರೆ ಮಗ್ಗ ಕೆಟ್ಟಾಗ ರಿಪೇರಿ ಮಾಡುವವನು. ನನ್ನ ಕೈಗೆ ಬಗ್ಗದ ಮಗ್ಗವೇ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ನನಗಿರಲಿಲ್ಲ. ಆದರೆ ಇದು ಮುಕ್ತಾಬಾಯಿಯ ಕತೆ. ಇದರಲ್ಲಿ ನನ್ನ ಪಾಲಿಗೆ ಬಂದದ್ದು ತಪ್ಪು ಮಾತ್ರ.

ಕೊರೋಚಿ ರಸ್ತೆಯಲ್ಲಿ ನಾವು ದುಡಿಯುತ್ತಿದ್ದ ಭಾವುಸಾಹೇಬರ ಕಾರಖಾನೆ. ಆರು ಮಗ್ಗ. ಐದರ ಮೇಲೆ ಸಾದಾ ಬಟ್ಟೆ, ಆರನೆಯದರ ಮೇಲೆ ಬಳ್ಳಿ ಅಂಚಿನ ಸೀರೆ. ಆ ಮಗ್ಗದ ತಲೆಯ ಮೇಲೆ ಅಂಚಿನ ಚಿತ್ತಾರ ನೇಯಿಸುವ ಯಂತ್ರ, ಜಕಾರ್ಡು, ಕೂತಿತ್ತು. ಬಳ್ಳಿ, ಹೂವು ಎಲ್ಲವೂ ಇದ್ದದ್ದು ರಟ್ಟಿನ ಕಾರ್ಡುಗಳಲ್ಲಿ. ಒಂದು ಅಡ್ಡ ಎಳೆಗೆ ಒಂದು ಕಾರ್ಡು. ತೂತು ಇದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ಅಷ್ಟೇ ಅದರ ವಿದ್ಯೆ. ಅಂಥ ನೂರಾ ಇಪ್ಪತ್ತು ಕಾರ್ಡು ಹೊಲಿದು ಮಾಲೆ ಮಾಡಿ ತೂಗುಹಾಕಿದರೆ, ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಅಂಚಿನ ಮೇಲೆ ಒಂದು ಹೂವು ಇಳಿಯುತ್ತಿತ್ತು. ಒಂದೇ ಕಾರ್ಡು ಕೆಟ್ಟರೂ ಸೀರೆಯುದ್ದಕ್ಕೂ ಪ್ರತಿ ಹೂವು ಸೊಟ್ಟ. ಮಾಲೆ ಇದ್ದದ್ದು ಒಂದೇ. ಅದನ್ನು ಮಾಡಿಕೊಟ್ಟ ಕೊಲ್ಲಾಪುರದ ಮುದುಕ ತೀರಿಹೋಗಿ ಎರಡು ವರ್ಷವಾಗಿತ್ತು, ಅವನ ನಕ್ಷೆಯ ಹಾಳೆಗಳನ್ನು ಮಕ್ಕಳು ಒಲೆಗೆ ಹಾಕಿದ್ದರು.

ಆ ಮಾಲೆ ಹೊಲಿಯುವುದು, ಒರೆಸುವುದು, ಕಾಯುವುದು ಮುಕ್ತಾಬಾಯಿಯ ಕೆಲಸ. ದತ್ತವಾಡದ ಕಡೆಯವಳು. ಗಂಡ ಸತ್ತ ಮೇಲೆ ನಾಲ್ಕು ಹಂಗಾಮು ಕಬ್ಬು ಕಡಿದು, ಅಂಗೈ ತುಂಬ ಗಾಯ ಮಾಡಿಕೊಂಡು ಇಚಲಕರಂಜಿಗೆ ಬಂದಿದ್ದಳು. ಅವಳ ಮಂದಿ ಬೌದ್ಧರಾದ ವರ್ಷ ಮನೆಯ ಮಾಡದಲ್ಲಿ ಬುದ್ಧನ ಪಟ ಇಟ್ಟಳು. ಅಂದಿನಿಂದ ತಲೆ ತಗ್ಗಿಸಿ ಮಾತಾಡುವುದನ್ನೂ ಬಿಟ್ಟಳು. ಆದರೂ ಕಾರಖಾನೆಯ ಗಡಿಗೆಯ ನೀರು ಅವಳು ಮುಟ್ಟುತ್ತಿರಲಿಲ್ಲ, ದಿನಾ ಮನೆಯಿಂದ ತಂಬಿಗೆ ತರುತ್ತಿದ್ದಳು. ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕುಡಿ ಎಂದೂ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಓದು ಬರುತ್ತಿರಲಿಲ್ಲ, ಆದರೆ ಕಾರ್ಡುಗಳನ್ನು ಬೆರಳಲ್ಲೇ ಓದುತ್ತಿದ್ದಳು. ಬಳ್ಳಿ ಅರ್ಧದವರೆಗೆ ಏರಿ, ಏರಿದಂತೆಯೇ ಇಳಿಯುತ್ತದೆ. ಹಾಗಾಗಿ ಪ್ರತಿ ಕಾರ್ಡಿಗೂ ಆ ಕಡೆ ಒಂದು ಜೋಡಿ ಇದೆ, ಎರಡರ ತೂತುಗಳೂ ಒಂದೇ ಎಂದು ಕಂಡುಹಿಡಿದವಳು ಅವಳೇ. ಮಾಲೆಯ ತುದಿಗಳು ಸೇರುವಲ್ಲಿನ ಕೆಂಪು ದಾರದ ಗಂಟಿನಿಂದ ಬಲಕ್ಕೆ ಹತ್ತು ಎಣಿಸಿದರೆ ಬರುವ ಕಾರ್ಡೂ, ಎಡಕ್ಕೆ ಹತ್ತು ಎಣಿಸಿದರೆ ಬರುವ ಕಾರ್ಡೂ ಒಂದೇ ಥರ. ಆ ಜೋಡಿಗಳಿಗೆ ಅವಳು ಬೀಗರು ಎನ್ನುತ್ತಿದ್ದಳು. ಬೀಗರಿಗೆ ಊಟ ಯಾವಾಗ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಅರವತ್ತೆರಡನೇ ಇಸವಿ, ಪಂಚಮಿ ಹತ್ತಿರ. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಉಡಿಸುವ ಕಾಲ, ಮಗ್ಗಕ್ಕೆ ಬಿಡುವಿಲ್ಲ. ಮುಕ್ತಾಬಾಯಿ ತಂಗಿಯ ಬಾಣಂತನಕ್ಕೆಂದು ಎರಡು ದಿನ ಗಡಹಿಂಗ್ಲಜಕ್ಕೆ ಹೋಗಿದ್ದಳು. ಹಳೆಯ ನೆಯ್ಗೆಯೆಲ್ಲ ಕತ್ತರಿಸಿ ಕಳಿಸಿ, ಹೊಸ ಹಾಸು ನೂಲು ಏರಿಸಿದ್ದೆವು. ಎರಡು ಬೆರಳು ನೇಯುವಷ್ಟರಲ್ಲಿ ಹೂವು ಸೊಟ್ಟಾಯಿತು. ನೇಕಾರ ಸಿದ್ರಾಮ ಮಾಲೆಯ ಮೇಲೆ ಬೆರಳಾಡಿಸಿ, ಬಲಗಡೆಯ ನಲವತ್ತೊಂದನೆಯ ಕಾರ್ಡು ಕೂದಲೆಳೆಯಷ್ಟು ಹರಿದಿದೆ ಎಂದ. ಮುಕ್ತಾಬಾಯಿ ಬರಲಿ ಎಂದೂ ಅಂದ.

ಯಾಕೆ ಬರಬೇಕು? ನಾನಿಲ್ಲವೇ? ಗಂಟಿನಿಂದ ಭರಭರ ನಲವತ್ತೊಂದು ಎಣಿಸಿದೆ, ಎಡಕ್ಕೆ. ಹೊಲಿಗೆ ಕತ್ತರಿಸಿ ಕಾರ್ಡು ತೆಗೆದು ಅದರ ಜಾಗಕ್ಕೆ ಸದ್ಯಕ್ಕೆ ತೂತಿಲ್ಲದ ರಟ್ಟು ಕಟ್ಟಿದೆ, ತೂತನ್ನು ಆಮೇಲೆ ಬೀಗರನ್ನು ನೋಡಿ ಹೊಡೆದರಾಯಿತು ಎಂದುಕೊಂಡೆ. ನೋಡಲು ಕಾರ್ಡು ಗಟ್ಟಿಯಾಗಿಯೇ ಇತ್ತು. ಕೂದಲೆಳೆಯ ಹರಕು ಕಣ್ಣಿಗೆಲ್ಲಿ ಕಾಣಬೇಕು ಎಂದು ಸಮಾಧಾನ ಮಾಡಿಕೊಂಡೆ. ಮಗ್ಗದ ಒಂದು ಕಾಲು ಕುಣಿಯುತ್ತಿತ್ತು. ಬೇಡವಾದ ರಟ್ಟು ಕಂಡರೆ ಜಾಬರನ ಕೈ ಸುಮ್ಮನಿರುವುದಿಲ್ಲ. ಅದನ್ನು ಮೂರು ತುಂಡು ಮಾಡಿ, ಕಾಲಿನ ಕೆಳಗಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಕಾಲು ನಿಂತಿತೇ ಎಂದು ನೋಡಲು ಮಗ್ಗ ಚಾಲೂ ಮಾಡಿದರೆ, ನಿಜವಾಗಿ ಹರಿದಿದ್ದ ಕಾರ್ಡು ಸಿಕ್ಕಿಕೊಂಡು ಚಿಂದಿಯಾಯಿತು. ಕೆಟ್ಟದ್ದನ್ನು ಮಾಲೆಯಲ್ಲೇ ಬಿಟ್ಟು ಒಳ್ಳೆಯದನ್ನು ನಾನೇ ಕಿತ್ತಿದ್ದೆ, ಈಗ ಬೀಗರಿಬ್ಬರೂ ಇಲ್ಲ.

ಭಾವುಸಾಹೇಬರು ಬಂದು ನೋಡಿದರು. ಅವರು ಕೂಗಾಡುವ ಮನುಷ್ಯನಲ್ಲ. ಶುಕ್ರವಾರದವರೆಗೆ ನೋಡುತ್ತೇನೆ, ಆಗದಿದ್ದರೆ ಜಕಾರ್ಡು ಇಳಿಸಿ ಸಾದಾ ಬಟ್ಟೆ ಹಾಕಿ ಎಂದಷ್ಟೇ ಹೇಳಿ ಹೋದರು. ಜಕಾರ್ಡು ಇಳಿದರೆ ನನಗೇನು, ಐದು ಮಗ್ಗ ಇದ್ದವು. ಮುಕ್ತಾಬಾಯಿಗೆ ಮಾತ್ರ ಕೆಲಸವಿಲ್ಲ, ಮತ್ತೆ ಕಬ್ಬಿನ ಹೊಲವೇ ಗತಿ.

ಬುಧವಾರ ಬೆಳಿಗ್ಗೆ ಬಂದಳು. ಸಿದ್ರಾಮ ಶುಕ್ರವಾರದ ಮಾತು ತಿಳಿಸಿದ. ಅವಳು ಕೂತು, ಚಿಂದಿಯನ್ನು ಮಡಿಲಲ್ಲಿ ಹಾಕಿಕೊಂಡು, ಮಾಲೆಯ ಆ ಕಡೆಗೆ ಕೈ ಹಾಕಿದಳು. ತೂತಿಲ್ಲದ ರಟ್ಟಿನ ಮೇಲೆ ಬೆರಳು ನಿಂತಿತು.

"ರಾಯಪ್ಪಣ್ಣ, ಇದರ ಬೀಗರ ಎಲ್ಲಿ ಹೋದ್ರು?"

ತಪ್ಪನ್ನು ಇಲಿಯ ಮೇಲೆ ಹಾಕಬಹುದಿತ್ತು, ಇಲಿಗಳಿಗೇನೂ ಬರವಿರಲಿಲ್ಲ. ಆದರೆ ಅವಳ ಅಂಗೈಯ ಹಳೆಯ ಗಾಯದ ಗುರುತುಗಳು ನನ್ನ ಕಣ್ಣ ಮುಂದೆಯೇ ಇದ್ದವು.

"ನಾನ ಎಡಕ್ಕ ಎಣಸಿ ತಗದೇನಿ. ಮಗ್ಗದ ಕಾಲಾಗ ಬಡದೇನಿ. ತಪ್ಪ ನಂದು."

ಸಿದ್ರಾಮ ನಕ್ಕ. ಅವಳು ನಗಲಿಲ್ಲ, ಬೈಯಲೂ ಇಲ್ಲ. "ತಗೀರಿ ಹಂಗಾರ. ಸುಟ್ಟಿಲ್ಲಲ್ಲ," ಅಂದಳು.

ಹಾರೆ ಹಾಕಿ ಮಗ್ಗ ಎತ್ತಿದೆವು. ಎಣ್ಣೆ ಕುಡಿದು ಹಪ್ಪಳದಂತಾಗಿದ್ದ ಮೂರು ತುಂಡು ಸಿಕ್ಕವು. ಸೀಮೆಎಣ್ಣೆಯಲ್ಲಿ ಒರೆಸಿ ಬಿಸಿಲಿಗಿಟ್ಟು, ಪಕ್ಕದಲ್ಲೇ ಚಿಂದಿಯನ್ನೂ ಹೊಂದಿಸಿದಳು. ನನ್ನ ಸುತ್ತಿಗೆಯ ಏಟಿಗೆ ಇದರಲ್ಲಿ ಅಳಿಸಿದ ತೂತು ಅದರಲ್ಲಿ ಉಳಿದಿತ್ತು. ಅದರಲ್ಲಿ ಹರಿದದ್ದು ಇದರಲ್ಲಿತ್ತು. ಒಂದು ಕಾರ್ಡಿನಲ್ಲಿ ತೂತಿಗೆ ಇನ್ನೂರು ಜಾಗ. ಒಂದೊಂದಕ್ಕೂ ಎರಡನ್ನೂ ಕೇಳಿ, ಹೊಸ ರಟ್ಟಿನ ಮೇಲೆ ಇದ್ದಲಿಯಿಂದ ಗುರುತು ಹಾಕಿದಳು. ನಾನು ಮುರಿದ ಕಬ್ಬಿಣದ ಸರಳು ತೇಯ್ದು ತೂತು ಹೊಡೆಯುವ ಉಳಿ ಮಾಡಿದೆ. ಗಡಿಬಿಡಿಯಲ್ಲಿ ಎರಡು ಸಲ ತಪ್ಪು ಜಾಗಕ್ಕೆ ಹೊಡೆಯಹೋದಾಗ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಗುರುವಾರ ಸಂಜೆಗೆ ಎರಡು ಕಾರ್ಡು ಸಿದ್ಧವಾದವು. ಹೊಲಿಯುವ ಮುಂಚೆ ಗಂಟಿನಿಂದ ಎರಡೂ ಕಡೆ ನನ್ನಿಂದಲೇ ಗಟ್ಟಿಯಾಗಿ ಎಣಿಕೆ ಹೇಳಿಸಿದಳು, ಬಾಲವಾಡಿಯ ಹುಡುಗನಿಂದ ಹೇಳಿಸುವಂತೆ. ಎಣಿಸಿದೆ, ಇನ್ನೇನು ಮಾಡಲಿ.

ಶುಕ್ರವಾರ ಭಾವುಸಾಹೇಬರು ಹೊಸದಾಗಿ ನೇಯ್ದ ಅಂಚನ್ನು ಬೆಳಕಿಗೆ ಹಿಡಿದು ಹನ್ನೆರಡು ಹೂವು ನೋಡಿದರು. ಸೊಟ್ಟಾದದ್ದು ಒಂದೂ ಅವರಿಗೆ ಸಿಗಲಿಲ್ಲ. ನಾನು ನಡೆದದ್ದೆಲ್ಲ ಒದರಿಬಿಟ್ಟೆ. ಅವರು ಖುಷಿಯಲ್ಲಿದ್ದರು, ನಕ್ಕರು. ಆಗ ಮುಕ್ತಾಬಾಯಿ ಎದ್ದು ನಿಂತಳು.

"ಸಾವಕಾರ್ರ, ಈ ಉಳಿಯಿಂದ ಇನ್ನೊಂದ ಮಾಲಿ ಮಾಡ್ತೇನಿ. ಅದು ಇಲ್ಲಿ ಇರೂದ ಬ್ಯಾಡ, ನನ್ನ ಮನ್ಯಾಗ ಇರಲಿ. ಬೀಗರ ಒಂದ ಮನ್ಯಾಗ ಇರಬಾರದ್ರಿ."

ಸಿದ್ರಾಮನ ಕೈ ನಿಂತಿತು. ಕಾರಖಾನೆಯ ಹೊಟ್ಟೆಪಾಡಿನ ನಕ್ಷೆ, ಅದೂ ಅವಳ ಓಣಿಗೆ! ಭಾವುಸಾಹೇಬರು ಅಂಚನ್ನು ಮತ್ತೊಮ್ಮೆ ನೋಡಿದರು. ಆಮೇಲೆ "ಅಸು ದೇ, ಇರಲಿ" ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಒಟ್ಟಿಗೆ ಹೇಳಿ ಹೊರಟರು. ಜಕಾರ್ಡು ಇಳಿಯಲಿಲ್ಲ.

ಮೂರು ವರ್ಷದ ಮೇಲೆ ಒಂದು ಮಳೆಗಾಲ ಕಾರಖಾನೆಯ ಸೂರಿನ ತಗಡು, ಪತ್ರಾಸು, ಹಾರಿಹೋಗಿ, ತೂಗಿದ್ದ ಮಾಲೆ ನೆನೆದು ಅಂಬಲಿಯಾಯಿತು. ಮುಕ್ತಾಬಾಯಿ ಜ್ವರ ಬಂದು ಮಲಗಿದ್ದಳು. ಅವಳು ಮನೆಯಲ್ಲಿ ಮಾಡಿಟ್ಟಿದ್ದ ಇನ್ನೊಂದು ಮಾಲೆಯನ್ನು ನಾನೇ ಹೋಗಿ ತರುತ್ತೇನೆ ಎಂದರೆ ಭಾವುಸಾಹೇಬರು ತಾವೂ ಛತ್ರಿ ಹಿಡಿದು ಜೊತೆಗೆ ಬಂದರು. ಆ ಓಣಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಮುಕ್ತಾಬಾಯಿ ಎದ್ದು ಕಂಬಳಿ ಹಾಸಿದಳು, ತಂಬಿಗೆಯಲ್ಲಿ ನೀರು ತಂದು ಅವರ ಮುಂದಿಟ್ಟಳು, ಮಾಲೆ ತೆಗೆದು ಎಣಿಸುತ್ತ ಕೂತಳು. ಅವರ ಕಡೆ ನೋಡಲೇ ಇಲ್ಲ. ನಾನು ಮಾತ್ರ ನೋಡಿದೆ. ಅವರು ಎಪ್ಪತ್ತರವರೆಗೆ ಎಣಿಕೆ ಕೇಳಿಸಿಕೊಂಡು, ಆಮೇಲೆ ತಂಬಿಗೆ ಎತ್ತಿ ಪೂರ್ತಿ ಕುಡಿದರು.

"ನೂರಾ ಇಪ್ಪತ್ತ ಬರೋಬರಿ ಅದಾವ. ಎಣಸಿಕೊಳ್ರಿ," ಅಂದಳು.

"ನೀ ಎಣಸಿದ ಮ್ಯಾಲ ಮತ್ತೇನ ಎಣಸೂದು?" ಅಂದರು ಭಾವುಸಾಹೇಬರು.

ಮಾಲೆಯನ್ನು ಹೆಗಲಿಗೆ ಹಾಕಿಕೊಂಡು ಬಂದೆ, ಮಗ್ಗ ಅಂದೇ ಚಾಲೂ ಆಯಿತು. ಜ್ವರ ಇಳಿದು ಮುಕ್ತಾಬಾಯಿ ಕೆಲಸಕ್ಕೆ ಬಂದ ದಿನ ಅವಳ ಕೈಯಲ್ಲಿ ಮನೆಯ ತಂಬಿಗೆ ಇರಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು ಎದ್ದವಳು ನೇರ ಕಾರಖಾನೆಯ ಗಡಿಗೆಯ ಹತ್ತಿರ ಹೋದಳು, ಮುಚ್ಚಳ ತೆಗೆದಳು, ತುಂಬಿಕೊಂಡು ಕುಡಿದಳು. ಆರೂ ಮಗ್ಗ ನಡೆಯುತ್ತಿದ್ದವು, ಒಂದೂ ನಿಲ್ಲಲಿಲ್ಲ.