ಮೂರು ಕಚ್ಚಿನ ಹಲಗೆ

ಗೋದಾಮಿನವರು ಎಸೆದ, ಸರಕು ಪೇರಿಸುವ ಮರದ ಪ್ಯಾಲೆಟ್‌ಗಳನ್ನು ಬಿಚ್ಚಿ, ಮೊಳೆ ಕಿತ್ತು, ಹಲಗೆಗಳನ್ನು ಬಡಗಿಗೆ ಮಾರುವುದು ಅವನ ಕಸುಬು. ಗಟ್ಟಿಯೆನಿಸಿದ ಪ್ರತಿ ಹಲಗೆಯ ಮೂಲೆಗೂ ಉಳಿಯಿಂದ ಒಂದು ಕಚ್ಚು ಹಾಕಿಯೇ ಕೊಡುತ್ತಿದ್ದ. ಅವೆಲ್ಲ ಯಾರ್‍ಯಾರದೋ ಮನೆಯಲ್ಲಿ ಮಂಚ, ತೊಟ್ಟಿಲು ಆಗಿವೆಯೆಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಇವತ್ತು ಬಿಚ್ಚಿದ ಪ್ಯಾಲೆಟ್‌ನ ಒಂದು ಹಲಗೆಯಲ್ಲಿ ಅವನದೇ ಕಚ್ಚು, ಒಂದಲ್ಲ, ಮೂರು! ಮೂರು ಮೂಲೆಗಳಲ್ಲಿ ಒಂದೊಂದು; ಕೆಲಸದ ಅವಸರದಲ್ಲಿ ಹಿಂದೆ ಕಣ್ಣಿಗೆ ಬಿದ್ದಿರಲಿಲ್ಲ. ಹಲಗೆ ಹೊತ್ತುಕೊಂಡು ಬಡಗಿಯ ಬಳಿಗೆ ಓಡಿದ.

"ಏನಣ್ಣಾ ಇದು? ನೀನು ಮಂಚ ಮಾಡಲ್ವಾ?"

"ಈ ಹಲಗೇಲಿ ಮಂಚ ಯಾರು ಕೇಳ್ತಾರಪ್ಪಾ? ಪ್ಯಾಲೆಟ್ ಮಾಡಿ ಗೋದಾಮಿಗೇ ಕೊಡ್ತೀನಿ."

ಅಂದರೆ ಇಷ್ಟು ವರ್ಷ ತಾನು ಮಾಡಿದ್ದೇನು? ಹೆಂಡತಿಗೆ ಹೇಳುವುದೇನು? ತಲೆಬುಡ ತಿಳಿಯದೆ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಹಾಳಾದ್ದು, ಇನ್ನೂ ಗಟ್ಟಿಯಾಗಿಯೇ ಇತ್ತು.

ಬೈದುಕೊಂಡೇ ನಾಲ್ಕನೆಯ ಕಚ್ಚು ಹಾಕಿದ.