ಬೆಂಡಿಲ್ಲದ ಗಾಳ

ಚಪ್ಪಲಿ ಹೊಲಿಯುವವನು ದಾರವನ್ನು ಜೇನುಮೇಣದ ಮುದ್ದೆಯ ಮೇಲೆ ಎರಡು ಸಲ ಎಳೆದು ಸೂಜಿಗೆ ಪೋಣಿಸಿಕೊಳ್ಳುವಾಗ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಿದ್ದರೆ ನನಗೆ ಮೊದಲು ನೆನಪಾಗುವುದು ಒಂದು ದಿನ ಆಗಬಹುದಾಗಿದ್ದು ಆಗದೆ ಹೋದ ಅನಾಹುತಗಳು. ತಾತ ತೂಬಿನ ಬಳಿಯ ಪಾಚಿಗಲ್ಲಿನ ಮೇಲೆ ಜಾರಿ ಕೆರೆಗೆ ಬೀಳಬಹುದಿತ್ತು. ಅವನನ್ನು ಎತ್ತಲು ಹೋಗಿ, ಈಜು ಬಾರದ ನಾನೂ ಬೀಳಬಹುದಿತ್ತು. ಗಾಳ ಮೀನಿನ ಬಾಯಿ ಬಿಟ್ಟು ತಾತನ ಕಿವಿಗೆ ಸಿಕ್ಕಿಕೊಳ್ಳಬಹುದಿತ್ತು. ಏರಿಯ ಕಲ್ಲುಸಂದಿಯಿಂದ ಹಾವು ಬರಬಹುದಿತ್ತು, ಬಿದಿರು ಮುರಿಯಬಹುದಿತ್ತು, ದಾರ ತಾವರೆ ದಂಟಿಗೆ ಸುತ್ತಿಕೊಳ್ಳಬಹುದಿತ್ತು, ಚಿಕ್ಕಪ್ಪ ಮಾಡಿಕೊಟ್ಟಿದ್ದ ಉರುಳೆಯ ಹಿಡಿ ಕಳಚಿ ನೀರು ಸೇರಬಹುದಿತ್ತು. ನಮ್ಮ ಕೆರೆಯಲ್ಲಿ ಮೊಸಳೆ ಇರಲಿಲ್ಲ. ಆದರೂ ಅದನ್ನು ಪಟ್ಟಿಯಿಂದ ಕೈಬಿಡುವ ಧೈರ್ಯ ನನಗಿರಲಿಲ್ಲ. ಆಗ ನನಗೆ ಒಂಬತ್ತು ವರ್ಷ. ಚಿಂತೆ ಮಾಡುವುದರಲ್ಲಿ ಮಾತ್ರ ಆಗಲೇ ಐವತ್ತು ತುಂಬಿತ್ತು. ಈಗ ನಿಜಕ್ಕೂ ಐವತ್ತು ದಾಟಿರುವುದರಿಂದ ವಯಸ್ಸು ಓಡಿಬಂದು ಚಿಂತೆಯ ಜೊತೆಗೂಡಿದಂತಾಗಿದೆ. ಇರಲಿ, ಆ ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು.

ನಮ್ಮೂರು ದೊಡ್ಡಬಳ್ಳಾಪುರದಿಂದ ಎರಡು ಮೈಲಿ. ರಾಗಿ ಬೆಳೆಯುವ ಮನೆಗಳೇ ಹೆಚ್ಚು, ಆದರೆ ಪೇಟೆಯ ಮಗ್ಗದವರಿಗೆ ರೇಷ್ಮೆ ಸುತ್ತಿಕೊಡುವ ಕೆಲಸವನ್ನು ನಮ್ಮಜ್ಜಿಯಂಥ ಹೆಂಗಸರು ಮನೆಯಲ್ಲೇ ಮಾಡುತ್ತಿದ್ದರು. ಹೊರಗೆ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಪಡಸಾಲೆಗೆ ಅದು ಬಂದದ್ದು ಸೀಮೆಎಣ್ಣೆ ಸಿಗದ ಸಂಜೆಗಳಾಗಿ ಮಾತ್ರ. ಹಗಲೆಲ್ಲ ಅಜ್ಜಿಯ ರಾಟೆ ಗುಂಯ್‌ಗುಡುತ್ತಿತ್ತು. ಲಡಿಯಿಂದ ಬಿಚ್ಚಿಕೊಂಡ ಎಳೆ ಅವಳ ಎರಡು ಬೆರಳುಗಳ ನಡುವೆ ಹಾದು ಮರದ ಉರುಳೆಗೆ ಏರುತ್ತಿತ್ತು. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲಕೋಲು ತಾಗಿದಾಗ ಆ ಎಳೆ ಒಂದು ಗಳಿಗೆ ಹೊಳೆದು, ಮರುಗಳಿಗೆ ಇಲ್ಲವೇ ಇಲ್ಲ ಎನ್ನುವಂತಾಗುತ್ತಿತ್ತು. ಅಜ್ಜಿ ಅದನ್ನು ನೋಡುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರ ಜೊತೆ ಮಾತಾಡುತ್ತ, ಕೋಳಿಯನ್ನು ಬೈಯುತ್ತ, ನನ್ನ ತಲೆಯ ಹೇನನ್ನು ದೂರದಿಂದಲೇ ಗುಮಾನಿಪಡುತ್ತ ಕೂತಿರುತ್ತಿದ್ದಳು. ಎಳೆಯಲ್ಲಿ ಎಲ್ಲೋ ಒಂದು ಸಣ್ಣ ಗಂಟು ಬಂದರೆ ಮಾತಿನ ನಡುವೆಯೇ ರಾಟೆ ನಿಲ್ಲುತ್ತಿತ್ತು.

ತಾತನಿಗೆ ಹೊಲವಿತ್ತು, ಎತ್ತಿತ್ತು, ಜೀವ ಇದ್ದದ್ದು ಮಾತ್ರ ಕೆರೆಯಲ್ಲಿ. ಅದರಲ್ಲೂ ಕೊರಮೀನು ಎಂದರೆ ಅವನಿಗೆ ಸರೀಕರ ಮೇಲಿನಂಥ ಹಟ. ತಾವರೆ ಎಲೆಯ ನೆರಳಲ್ಲಿ ಕಟ್ಟಿಗೆ ತುಂಡಿನಂತೆ ಬಿದ್ದಿದ್ದು, ಮೇಲೆ ಕಪ್ಪೆಮರಿ ಹಾರಿದರೆ ಒಂದೇ ನೆಗೆತಕ್ಕೆ ನುಂಗುವ ಮೀನದು. ಆ ವರ್ಷ ತಾತನ ಕಣ್ಣು ಮಂಜಾಗುತ್ತ ಬಂತು. ಪೇಟೆಯ ಡಾಕ್ಟರು ರೆಪ್ಪೆ ಎತ್ತಿ ನೋಡಿ, ಇದು ಪೊರೆಯಲ್ಲ, ಒಳಗಿನ ನರ ಸೋತಿದೆ, ಮಾಡುವುದಕ್ಕೇನಿಲ್ಲ ಎಂದರಂತೆ. ಮಳೆ ತಡವಾಗುತ್ತದಂತೆ ಎನ್ನುವ ದನಿಯಲ್ಲಿ ಅದನ್ನು ಮನೆಯವರಿಗೆ ತಿಳಿಸಿ ತಾತ ಊಟಕ್ಕೆ ಕೂತ. ಗಾಳದ ದಾರಕ್ಕೆ ಕಟ್ಟಿದ ಬೆಂಡು ನೀರಲ್ಲಿ ಮುಳುಗಿದರೆ ಮೀನು ಕಚ್ಚಿತು ಎಂದು ಅರ್ಥ. ಅವನಿಗೆ ಈಗ ಬೆಂಡೇ ಕಾಣದು. ಮೀನು ತಿಂದು ಹೋದ ಎಷ್ಟೋ ಹೊತ್ತಿನ ಮೇಲೆ ಖಾಲಿ ಗಾಳ ಎತ್ತುತ್ತಿದ್ದ. ಒಂದು ದಿನ ಚಿಕ್ಕಪ್ಪ ಪಕ್ಕದಲ್ಲಿ ಕೂತು, “ಎಳಿ ಅಪ್ಪಾ, ಈಗ,” ಅಂದ. ತಾತ ಎಳೆದ, ಮೀನೂ ಬಂತು. ಆದರೆ ರಾತ್ರಿ ಊಟದಲ್ಲಿ ಅದನ್ನು ಮುಟ್ಟಲಿಲ್ಲ.

“ಇನ್ನೊಬ್ರು ಹೇಳ್ದಾಗ ನಾನು ಎಳೆಯೋದಾದ್ರೆ ಹಿಡಿದೋನು ನಾನಾ, ಅವ್ನಾ? ನಾನು ಬರೀ ಏತದ ಮರ ಆದೆ,” ಅಂದ. “ಒಂದೇ ಒಂದು ಸಲ ನನ್ನ ಪಾಡಿಗೆ ನಾನು ಹಿಡೀಬೇಕು. ಆದ್ರೆ ಸಾಯೋವರ್ಗೂ ಕೆರೆಗೆ ಹೋಗ್ತೀನಿ. ಆಗ್ದಿದ್ರೆ ಗಾಳ ಅಟ್ಟಕ್ಕೆ.”

ಅಜ್ಜಿ ಮುದ್ದೆ ಮುರಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು. “ಬೆಂಡು ನೋಡಕ್ಕೆ ಕಣ್ಣು ಬೇಕು. ನೂಲಿಗೆ ಯಾಕೆ ಕಣ್ಣು? ನಾನೇನು ನೋಡ್ಕೊಂಡು ಸುತ್ತೀನಾ?”

“ನೀರೊಳಗೆ ನಡೀತದಾ ನಿನ್ನ ರಾಟೆ?”

“ಎಳೆ ಎಲ್ಲಿದ್ರೂ ಎಳೆನೇ. ತುದೀಲಿ ಏನಾದ್ರೂ ಆದ್ರೆ ಬೆರಳಿಗೆ ಬಂದು ಹೇಳ್ತದೆ. ಕೇಳಿಸ್ಕೊಳ್ಳಕ್ಕೆ ತಾಳ್ಮೆ ಬೇಕು, ಅದು ನಿಮ್ಗಿಲ್ಲ ಅನ್ನೋದು ಬೇರೆ ಮಾತು.”

ಚಿಕ್ಕಪ್ಪನಿಗೆ ಆಗ ನೆನಪಾದದ್ದು ದೇವನಹಳ್ಳಿ ರಸ್ತೆಯ ತೋಪಿನಲ್ಲಿ ಡೇರೆ ಹಾಕಿದ್ದ ಪಲ್ಟನ್ನಿನ ಬಿಳಿಯ. ಅವನು ಸಂಜೆ ಹೊತ್ತು ಕೆರೆಗೆ ಬಂದು ಮೀನು ಹಿಡಿಯುವುದನ್ನು ಚಿಕ್ಕಪ್ಪ ನೋಡಿದ್ದ. “ಕಡ್ಡಿ ಬುಡಕ್ಕೆ ಅಮ್ಮನ ರಾಟೆ ಮರಿ ಕಟ್ಕೊಂಡಂಗಿತ್ತು ಕಣಪ್ಪಾ. ಮೀನು ಓಡಿದ್ರೆ ಅದೇ ಗಿರಗಿರ ತಿರುಗಿ ದಾರ ಬಿಡ್ತದೆ. ಮೀನಿಗೆ ಸುಸ್ತಾದ್ಮೇಲೆ ಕೂತಲ್ಲೇ ಸುತ್ಕೋತಾನೆ, ದೊರೆ.” ತಾತ ನಕ್ಕ. ಅವನು ಹಾಗೆ ನಕ್ಕು ತಿಂಗಳುಗಳೇ ಆಗಿದ್ದವು.

ಆಮೇಲಿನ ದಿನಗಳು ನನಗೆ ಕನಸಿನ ಹಾಗೆ ನೆನಪಿವೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಲಾರೆ. ಘಾಟಿ ಕಡೆಯ ಗುಡ್ಡದಿಂದ ಚಿಕ್ಕಪ್ಪ ಒಂದು ಹೊರೆ ಗಂಡುಬಿದಿರು ತಂದ. ಒಳಗೆ ಪೊಳ್ಳಿಲ್ಲದ, ಬೆರಳ ಗಾತ್ರದ ಗಳುಗಳು. ತಾತ ಒಂದೊಂದನ್ನೂ ಬುಡದಲ್ಲಿ ಹಿಡಿದು, ಕಣ್ಣು ಮುಚ್ಚಿ, ತುದಿಯನ್ನು ನನ್ನಿಂದ ಉಗುರಲ್ಲಿ ಮೀಟಿಸುತ್ತಿದ್ದ. ಒಂದು ಗಳುವಿನಲ್ಲಿ ಆ ಮೀಟು ನಡುವಿಗೆ ಬರುವಷ್ಟರಲ್ಲಿ ಸತ್ತುಹೋಗುತ್ತಿತ್ತಂತೆ, ಇನ್ನೊಂದು ಬೀಸಿದ ಮೇಲೂ ಕುಡಿದವನ ಹಾಗೆ ತೂಗಾಡುತ್ತಿತ್ತಂತೆ. ಹೊರೆಯಲ್ಲಿ ಒಂದು ಮಾತ್ರ ಬುಡದವರೆಗೂ ಸುದ್ದಿ ತಂದಿತು. ಅದನ್ನು ಹರಳೆಣ್ಣೆ ಸವರಿ ಕೆಂಡದ ಮೇಲೆ ಕಾಯಿಸಿ ನೆಟ್ಟಗೆ ಮಾಡಿ, ತುದಿಗೆ ಕಲ್ಲು ಕಟ್ಟಿ, ನೆರಳಲ್ಲಿ ತೂಗುಹಾಕಿದರು. ಅದರಡಿಯಲ್ಲಿ ಓಡಾಡುವಾಗ ಕಲ್ಲು ತಲೆಯ ಮೇಲೆ ಬಿದ್ದೀತೆಂದು ನಾನು ಎರಡು ವಾರ ಗೋಡೆಗೆ ಒರಸಿಕೊಂಡೇ ನಡೆದೆ. ಗಾಳವನ್ನು ತಾತ ಪೇಟೆಯಲ್ಲಿ ಹೆಬ್ಬೆರಳಿನ ಉಗುರಿಗೆ ಗೀರಿ ಆರಿಸಿದ. ಉಗುರಿನ ಮೇಲೆ ಜಾರಿದ್ದು ಬೇಡ, ನಿಂತದ್ದು ಬೇಕು. ಅಜ್ಜಿ ತನ್ನ ಪಾಲಿನ ಪೋಲು ರೇಷ್ಮೆಯನ್ನು ಆರೆಳೆ ಕೂಡಿಸಿ ಹುರಿ ಮಾಡಿದಳು. ಒಂದು ಮಧ್ಯಾಹ್ನ ಪೂರ್ತಿ ಅದನ್ನು ಹಿತ್ತಿಲ ಎರಡು ನುಗ್ಗೆಮರಗಳ ನಡುವೆ ಕಟ್ಟಿ, ಬಿಸಿ ಜೇನುಮೇಣ ಹಿಡಿದ ಬಟ್ಟೆಯಿಂದ ಆ ತುದಿಯಿಂದ ಈ ತುದಿಗೆ ಎಳೆಯುತ್ತ ಓಡಾಡಿದೆವು. ಮನೆಯೆಲ್ಲ, ಮೈಯೆಲ್ಲ ಅದೇ ವಾಸನೆ. ಚಿಕ್ಕಪ್ಪ ಅಜ್ಜಿಯ ಹಳೆಯ ಉರುಳೆಯೊಂದಕ್ಕೆ ಮೊಳೆಯ ಅಚ್ಚು ಹಾಕಿ, ಮುರಿದ ಕೊಡೆಯ ಕಡ್ಡಿ ಬಗ್ಗಿಸಿ ಹಿಡಿ ಮಾಡಿ, ಗಳುವಿನ ಬುಡಕ್ಕೆ ಬಿಗಿದ. ಗಳುವಿನುದ್ದಕ್ಕೂ ದಾರ ಹಾಯಲು ಹಿತ್ತಾಳೆ ತಂತಿಯ ಸಣ್ಣ ಉಂಗುರಗಳು. ಬೆಂಡು ಕಟ್ಟಲಿಲ್ಲ. ತಾತ ತನ್ನ ಹಳೆಯ ಬೆಂಡನ್ನು ನನಗೆ ಆಡಲು ಕೊಟ್ಟುಬಿಟ್ಟ. ನಾನು ತೆಗೆದುಕೊಳ್ಳಲು ಹಿಂಜರಿದೆ.

ಆಮೇಲೆ ಪಾಠ. ತಾತ ಜಗುಲಿಯಲ್ಲಿ ಗಳು ಹಿಡಿದು ಕೂರುತ್ತಿದ್ದ. ದಾರ ಪಡಸಾಲೆ ದಾಟಿ, ಅಡಿಗೆಮನೆ ಹಾದು, ಹಿತ್ತಿಲ ಬಾಗಿಲಾಚೆ ನನ್ನ ಕೈ ಸೇರುತ್ತಿತ್ತು. ನಾನು ಮೀನು. ಅಜ್ಜಿ ನಡುವೆ ಕೂತು ಸನ್ನೆ ಮಾಡಿದಂತೆ ನಾನು ಕಡ್ಡಿಗೆ ತೊಡರಿದ ಹಾಗೆ, ಏಡಿ ಜಗ್ಗಿದ ಹಾಗೆ, ಪುಡಿಮೀನು ಕಚ್ಚಿ ಬಿಟ್ಟ ಹಾಗೆ ಎಳೆಯಬೇಕು. ಎಲ್ಲೋ ದೂರದ ಜಗುಲಿಯಿಂದ ತಾತನ ದನಿ ಬರುತ್ತಿತ್ತು: “ಇದು ಏಡಿ. ಇದು ಕಸ. ಇದು ಮಗು ನಗ್ತಾ ಅದೆ.” ತೋರುಬೆರಳ ಮೇಲೆ ದಾರ, ಹೆಬ್ಬೆರಳು ಉರುಳೆಯ ಮೇಲೆ. ಕೊರಮೀನು ಕಚ್ಚಿದರೆ ಹೆಬ್ಬೆರಳು ಎತ್ತಿ ದಾರ ಬಿಡಬೇಕು, ಅದು ನುಂಗುವಷ್ಟು ಹೊತ್ತು ಕಾದು ಆಮೇಲೆ ಎಳೆಯಬೇಕು. ತಾತನಿಗೆ ಕಾಯುವುದೇ ಕಷ್ಟ. “ಬಿಗಿಯಾದಾಗ ಜಗ್ಗಿದ್ರೆ ನನ್ ನೂಲೂ ಉಳಿಯಲ್ಲ,” ಎಂದು ಅಜ್ಜಿ ಗದರುತ್ತಿದ್ದಳು. “ಬಿಡಿ, ಓಡ್ಲಿ. ಸಡಿಲಾದಾಗ ಸುತ್ತಿ.” ನಲವತ್ತು ವರ್ಷ ಒಂದೇ ಮನೆಯಲ್ಲಿದ್ದು ಅವರಿಬ್ಬರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ದಿನ ಬೆಳಿಗ್ಗೆ ತಾತ ನನ್ನನ್ನು ಕರೆದುಕೊಂಡು ಹೋದದ್ದು ದಾರಿ ತೋರಿಸುವುದಕ್ಕೆ ಮಾತ್ರ. ಕೆರೆಯ ಬಳಿ ನಾನು ಬಾಯಿ ಬಿಡಕೂಡದು, ಏನೇ ಕಂಡರೂ. ನನ್ನ ಬಾಯಿಯ ಗುಣ ಬಲ್ಲ ಅಜ್ಜಿ ಒಂದು ದೊಡ್ಡ ಬೆಲ್ಲದ ಚೂರನ್ನು ದವಡೆಯಲ್ಲಿಟ್ಟು ಕಳಿಸಿದಳು. ತೂಬಿನ ಕಲ್ಲಿನ ಮೇಲೆ ತಾತನನ್ನು ಕೂರಿಸಿದೆ. ನೀರು ಬಿಡುವ ನೀರಗಂಟಿ ಹನುಮಯ್ಯ ಏರಿಯ ಮೇಲಿಂದ ಇಳಿದು ಬಂದು ಉರುಳೆಯನ್ನು ಸುತ್ತು ಹಾಕಿ ನೋಡಿದ.

“ಏನ್ ಗೌಡ್ರೆ, ಮೀನಿಗೆ ಸೀರೆ ನೇಯಕ್ಕೆ ಬಂದ್ರಾ?”

“ಹೂಂ ಕಣ್ಲಾ. ಮಿಕ್ಕಿದ್ರಲ್ಲಿ ನಿಂಗೊಂದು ಪಂಚೆ,” ಅಂದ ತಾತ.

ಎಡಗೈಯಲ್ಲಿ ನಾಲ್ಕು ಮೊಳ ದಾರ ಬಿಡಿಸಿ ಹಿಡಿದು, ತೊಟ್ಟಿಲು ತೂಗುವ ಹಾಗೆ ತೂಗಿ, ಗಾಳಕ್ಕೆ ಚುಚ್ಚಿದ ಕಪ್ಪೆಮರಿಯನ್ನು ತಾವರೆ ಎಲೆಗಳ ಅಂಚಿಗೆ ಬಿಟ್ಟ. ಆಮೇಲೆ ಕೆರೆ ನಿಶ್ಶಬ್ದವಾಯಿತು. ನೀರಕೋಳಿಯೊಂದು ಎಲೆಯಿಂದ ಎಲೆಗೆ ಕಾಲಿಡುತ್ತಿತ್ತು. ಎದುರು ದಡದ ಹೊಂಗೆಮರಗಳು ನೀರಿನಲ್ಲಿ ತಲೆಕೆಳಗಾಗಿ ನಿಂತು ಅಲ್ಲಾಡುತ್ತಿದ್ದವು. ತಾತನ ಅರೆಗಣ್ಣಿನಲ್ಲಿ ಆಕಾಶ ಬಿಳಿಯಾಗಿ ಕಾಣುತ್ತಿತ್ತು. ನಾನು ಅವನ ಕೈಯನ್ನೇ ನೋಡುತ್ತ ಕೂತಿದ್ದೆ, ನೋಡುತ್ತ ನೋಡುತ್ತ ಬೆಲ್ಲ ಕರಗಿ ಹೋಯಿತು.

ಮೊದಲು ಎದ್ದದ್ದು ಅವನ ಹೆಬ್ಬೆರಳು. ಇದನ್ನು ನಾನು ಕಣ್ಣಾರೆ ಕಂಡೆ. ನೀರಿನ ಮೇಲೆ ಇನ್ನೂ ಏನೂ ಆಗಿರಲಿಲ್ಲ, ಬೆರಳು ಮೆಲ್ಲಗೆ ಉರುಳೆಯಿಂದ ಮೇಲೆದ್ದಿತು. ಆಮೇಲೆ ದಾರ ನೆಟ್ಟಗಾಗಿ ಎಲೆಗಳ ಕೆಳಗೆ ಸರಿಯತೊಡಗಿತು, ಉರುಳೆ ತಿರುಗಿತು. ತಾತ ಅಜ್ಜಿ ಹೇಳಿದಂತೆ ಕಾಯುತ್ತಿದ್ದ. ಕಾಯುತ್ತಲೇ ಇದ್ದ. ದಾರ ಮುಗಿದುಹೋದರೆ ಎಂಬ ಚಿಂತೆ ನನ್ನ ಹೊಟ್ಟೆಯಿಂದ ಎದ್ದು, ಖಾಲಿ ಬಾಯಿಗೆ ಬಂದು, ಹೊರಗೆ ಬಿತ್ತು.

“ತಾತ.”

ಅದೇ ಗಳಿಗೆಗೆ ಅವನು ಎಳೆದ. ಗಳು ಬಿಲ್ಲಾಯಿತು. ಮೀನು ಓಡಿದಾಗ ಬಿಟ್ಟ, ಸಡಿಲವಾದಾಗ ಸುತ್ತಿದ, ಮತ್ತೆ ಬಿಟ್ಟ. ಅಜ್ಜಿಯ ಹುರಿ ನೀರನ್ನು ಸೀಳಿ ಅತ್ತಿತ್ತ ಹರಿದಾಡಿತು. ಕೊನೆಗೆ ಹನುಮಯ್ಯ ಮೊಣಕಾಲುದ್ದ ನೀರಿಗಿಳಿದು, ನನ್ನ ತೋಳಿನುದ್ದದ ಕೊರಮೀನನ್ನು ಕಿವಿರಿಗೆ ಬೆರಳು ಹಾಕಿ ದಡಕ್ಕೆ ತಂದ. “ಗೌಡ್ರೆ, ಪಂಚೆ ಬೇಡ, ಇದ್ರ ತಲೆ ಕೊಡಿ ಸಾಕು,” ಅಂದ. ತಾತ ಮೀನಿನ ಬೆನ್ನಿನ ಮೇಲೆ ತಲೆಯಿಂದ ಬಾಲದವರೆಗೆ ಕೈ ಆಡಿಸಿದ.

ಮನೆಗೆ ಬಂದಾಗ ಅಜ್ಜಿ ಹೊಸಿಲಲ್ಲಿ ನಿಂತಿದ್ದಳು. ಅವಳು ನೋಡಿದ್ದು ಮೀನನ್ನಲ್ಲ, ತಾತನ ಮುಖವನ್ನು. “ಬೆರಳಿಗೆ ಬಂತಾ?” ಅಂದಳು.

“ಮಗು ಹೇಳ್ತು. ಎಳೆದೆ.”

“ಇಲ್ಲ ಅಜ್ಜಿ, ನಾನು ಕೂಗೋಕೆ ಮುಂಚೇನೇ ತಾತ ಬೆರಳು ಎತ್ತಿದ್ದ,” ಅಂದೆ. ಹೇಳಿದ್ದು ಹೆಚ್ಚು ಜೋರಾಯಿತು, ಹೆಚ್ಚು ಬೇಗವೂ ಆಯಿತು. ತಾತ ನನ್ನ ತಲೆ ಸವರಿ, “ಜಾಣೆ ನನ್ ಮುದುಕಮ್ಮ,” ಅಂದ. ಅಜ್ಜಿ ಮೀನು ಇಸಿದುಕೊಂಡು ಒಳಗೆ ಹೋದಳು. ಇಬ್ಬರಿಗೂ ಅದು ಸಮಾಧಾನಕ್ಕೆ ಹೇಳಿದ ಮಾತಾಗಿ ಕೇಳಿಸಿತೆಂದು ನನಗೆ ಅಲ್ಲೇ ಗೊತ್ತಾಯಿತು.

ಇನ್ನೆರಡು ಸಲ ಹೋದೆವು. ನಾನು ಬಾಯಿಗೆ ಲಂಗದ ಅಂಚು ತುರುಕಿಕೊಂಡು ದೂರ ಕೂತೆ. ಪ್ರಯೋಜನವಾಗಲಿಲ್ಲ. ಅವನ ಬೆರಳು ದಾರದ ಮೇಲಿತ್ತು, ಕಿವಿ ನನ್ನ ಕಡೆಗಿತ್ತು. ಮೂರನೆಯ ವಾರ ಗಳು ಅಟ್ಟ ಸೇರಿತು. ಆಮೇಲೆ ಮಧ್ಯಾಹ್ನಗಳಲ್ಲಿ ತಾತ ಎರಡು ಮುಂಗೈಗಳಿಗೆ ರೇಷ್ಮೆ ಲಡಿ ತೊಟ್ಟುಕೊಂಡು ಅಜ್ಜಿಯ ಎದುರು ಕೂರುತ್ತಿದ್ದ. ಎಳೆ ಬಿಚ್ಚಿಕೊಂಡಂತೆ ಒಮ್ಮೆ ಎಡಗೈ, ಒಮ್ಮೆ ಬಲಗೈ ಬಾಗಿಸಿಕೊಡುತ್ತಿದ್ದ. ನೋಡಿದವರು ಜೋಡಿ ಎಂದರೆ ಹೀಗಿರಬೇಕು ಎನ್ನುತ್ತಿದ್ದರು. ಇರಬಹುದು. ಆ ಮನೆ ಪಾಲಾಗಿ, ಬಿದ್ದು, ಈಗ ಆ ಜಾಗದಲ್ಲಿ ಕರೆಂಟಿನ ಮಗ್ಗಗಳ ಶೆಡ್ಡು ಹಗಲೂ ರಾತ್ರಿ ಬಡಿದುಕೊಳ್ಳುತ್ತದೆ. ನೂಲು ಹರಿದರೆ ತಾವೇ ನಿಲ್ಲುವ ಯಂತ್ರಗಳಂತೆ ಅವು, ಯಾರ ಬೆರಳೂ ಬೇಕಿಲ್ಲವಂತೆ.

ನನಗೆ ಮದುವೆ ಗೊತ್ತಾದ ವರ್ಷ ತಾತನಿಗೆ ಹಗಲು ರಾತ್ರಿಯ ವ್ಯತ್ಯಾಸವೂ ಉಳಿದಿರಲಿಲ್ಲ. ಒಂದು ಸಂಜೆ ಕಾಲು ಒತ್ತುತ್ತಿದ್ದಾಗ, ಯಾವ ಮಾತಿನ ಮುಂದುವರಿಕೆಯೂ ಅಲ್ಲದೆ, ಕೇಳಿದ.

“ಅವತ್ತು ನೀನು ಕೂಗಿದ್ದೇ ಮುಂಚೆ, ಅಲ್ವೇನಮ್ಮಾ?”

ಆ ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ತಯಾರಾಗಿದ್ದೆ. ಅವಸರಪಡಲಿಲ್ಲ, ದನಿ ಏರಿಸಲಿಲ್ಲ. “ಇಲ್ಲ ತಾತ. ಮೊದ್ಲು ನಿನ್ ಹೆಬ್ಬೆರಳು ಎದ್ದಿತು. ಆಮೇಲೆ ದಾರ ಸರೀತು. ಆಮೇಲೆ ನಾನು ಕೂಗಿದ್ದು,” ಅಂದೆ.

“ಹೂಂ,” ಅಂದ.

ಚಿಕ್ಕಂದಿನಲ್ಲಿ ನಾನು ಅವನ ಪಕ್ಕ ಮಲಗಿ, ಆನೆ ಹಾರಿತು, ಚಂದ್ರ ಬಾವಿಗೆ ಬಿದ್ದ ಎಂದು ಕಥೆ ಕಟ್ಟಿ ಹೇಳುವಾಗ, ನಿದ್ದೆ ಬರುವವರೆಗೂ ಅವನು ಅನ್ನುತ್ತಿದ್ದದ್ದು ಅದೇ ಹೂಂ.